ಇಲ್ಲದ ಮಗಳಿಗೆ ಒಂದು ಪುಸ್ತಕ

ನನಗೆ ಮಗಳಿಲ್ಲ. ಕಳೆದ ಡಿಸೆಂಬರಿನಲ್ಲಿ ಬೆಂಗಳೂರಿನ ಒಂದು ಪುಸ್ತಕದಂಗಡಿಯಲ್ಲಿ ಅವಳು ಹುಟ್ಟಿದಳು.

ನನ್ನ ಕೈಯಲ್ಲಿದ್ದ ಇಂಗ್ಲಿಷ್ ಕಾದಂಬರಿಯ ಮುಖಪುಟದಲ್ಲಿ ಒಂದು ಡ್ರ್ಯಾಗನ್. ಅದರ ಬೆನ್ನ ಮೇಲೆ ಕೈ ಕೈ ಹಿಡಿದು ಕೂತ ಇಬ್ಬರು ಹುಡುಗರು. ಅಂಗಡಿಯ ಹುಡುಗ ಒಮ್ಮೆ ಮುಖಪುಟ ನೋಡಿದ, ಒಮ್ಮೆ ನನ್ನ ನರೆತ ತಲೆ ನೋಡಿದ. "ಮಗಳಿಗಾ ಸಾರ್?" ಅಂದ. "ಹೂಂ" ಅಂದುಬಿಟ್ಟೆ. ನಲವತ್ತಾರು ವರ್ಷದ ಗಂಡಸು, ನನ್ನದೇ ದುಡ್ಡು, ಆದರೂ ಬಾಯಿಗೆ ಬಂದದ್ದು ಸುಳ್ಳು.

ಮ್ಯಾಂಚೆಸ್ಟರಿನಲ್ಲಿ ಹನ್ನೊಂದು ವರ್ಷದಿಂದ ಹದಿಹರೆಯದವರ ಇಂಥ ಕಾದಂಬರಿಗಳನ್ನೇ ಓದುತ್ತಿದ್ದೇನೆ. ಸೇಂಟ್ ಪೀಟರ್ಸ್ ಸ್ಕ್ವೇರಿನಲ್ಲಿ 1934ರಲ್ಲಿ ಬಾಗಿಲು ತೆರೆದ ದುಂಡನೆಯ ಸೆಂಟ್ರಲ್ ಲೈಬ್ರರಿ ಇದೆ. ಅಲ್ಲಿಂದ ಚೀಲ ತುಂಬ ತರುತ್ತೇನೆ. ಮಂತ್ರ ಕಲಿಸುವ ಶಾಲೆಗಳು, ಹೈಸ್ಕೂಲಿನ ಇಬ್ಬರು ಹುಡುಗಿಯರ ಪ್ರೇಮ, ಅಪ್ಪನಿಗೆ ಹೇಳಲಾಗದೆ ಒದ್ದಾಡುವ ರಾಜಕುಮಾರ. ಹದಿನಾರರಲ್ಲಿ ಓದಬೇಕಿದ್ದನ್ನು ಈಗ ಓದುತ್ತಿದ್ದೇನೆ, ಅಷ್ಟೇ. "ಯಾರಿಗೆ?" ಅಂತ ಅಲ್ಲಿ ಯಾರೂ ಒಮ್ಮೆಯೂ ಕೇಳಿಲ್ಲ.

ಹದಿನಾರರಲ್ಲಿ ಯಾಕೆ ಓದಲಿಲ್ಲ ಅಂದರೆ, ಸಾಗರದ ನಮ್ಮ ಮನೆಯಲ್ಲಿ ಬಾಲಮಂಗಳದ ಡಿಂಗನ ಕೈ ಬಿಟ್ಟ ಮರುದಿನವೇ ಭೈರಪ್ಪನವರ ಕೈ ಹಿಡಿಯಬೇಕಿತ್ತು. ನಡುವೆ ಒಂದು ಮೆಟ್ಟಿಲೂ ಇರಲಿಲ್ಲ. ಈಗಲಾದರೂ ಇದೆಯಾ? ಪಿಯುಸಿ ಹುಡುಗರು ಓದುವುದು ಸಿಇಟಿ ಗೈಡು. ಮನೆ ಕಂದಾಯದ ಪ್ರತಿ 100 ರೂಪಾಯಿಗೆ 6 ರೂಪಾಯಿ ಲೈಬ್ರರಿ ಸೆಸ್ ಕಟ್ಟುತ್ತೇವಲ್ಲ, ಆ ದುಡ್ಡಲ್ಲಿ ಹದಿಹರೆಯದವರಿಗೆ ಅಂತ ಒಂದು ಕಪಾಟು ಇಟ್ಟರೆ ಯಾರ ಗಂಟು ಹೋಗುತ್ತದೆ?

2013ರಲ್ಲಿ ವಸುಧೇಂದ್ರರ 'ಮೋಹನಸ್ವಾಮಿ' ಬಂತು. ಆಗಿನ್ನೂ ಬೆಂಗಳೂರಲ್ಲಿದ್ದೆ. ಗಂಡಸನ್ನು ಪ್ರೀತಿಸುವ ಗಂಡಸಿನ ಕಥೆ, ಅದೂ ನಮ್ಮ ಕನ್ನಡದಲ್ಲಿ! ಊರಿಗೆ ಹೋಗುವಾಗ ಹಳೇ ಕ್ಯಾಲೆಂಡರ್ ಹಾಳೆಯಲ್ಲಿ ಅದಕ್ಕೆ ಬೈಂಡ್ ಹಾಕಿಕೊಂಡು ಹೋದೆ. ಹೆಸರು ನೋಡಿದರೆ ದೇವರ ಪುಸ್ತಕದ ಹಾಗೇ ಇದೆ, ಆದರೂ ದೊಡ್ಡಮ್ಮನ ಕಣ್ಣಿಗೆ ಬಿದ್ದರೆ ಅಂತ ಹೆದರಿಕೆ. ಅದೇ ವರ್ಷದ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್, ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಕಲಮನ್ನು ಮತ್ತೆ ಎತ್ತಿ ಹಿಡಿಯಿತು. ಅದು ಸಡಿಲವಾಗಲು 2018ರ ಸೆಪ್ಟೆಂಬರ್ ಬರಬೇಕಾಯಿತು.

ಇದನ್ನೆಲ್ಲ ಇಲ್ಲಿನ ಓದುಗರ ಗುಂಪಿನಲ್ಲಿ ಹೇಳಿ, ನಿಮ್ಮ ದೇಶ ಎಷ್ಟು ಚೆಂದ ಅಂದೆ. ನನ್ನ ವಯಸ್ಸಿನ ಗೆಳತಿ ನಕ್ಕಳು. ಅವಳ ಶಾಲೆಯ ಲೈಬ್ರರಿಯಲ್ಲಿ ಇಂಥ ಒಂದೂ ಪುಸ್ತಕ ಇರಲಿಲ್ಲವಂತೆ. ಸಲಿಂಗ ಪ್ರೇಮವನ್ನು ಸ್ಥಳೀಯ ಆಡಳಿತ 'ಉತ್ತೇಜಿಸಬಾರದು' ಅಂತ 1988ರಲ್ಲಿ ಇವರು ಕಾನೂನೇ ಮಾಡಿದ್ದರು. ಸೆಕ್ಷನ್ 28. ಇಂಗ್ಲೆಂಡಿನಲ್ಲಿ ಅದು ಹೋಗಿದ್ದು 2003ಕ್ಕೆ. ಲೈಬ್ರರಿಗೆ ದುಡ್ಡು ಕೊಡುವುದು ಅದೇ ಆಡಳಿತ, ಪುಸ್ತಕ ಇಡೋಕೇ ಹೆದರುತ್ತಿದ್ದರಂತೆ. ಹೋಗಲಿ ಬಿಡಿ, ಇವರಿಗೆ ಅದಕ್ಕೊಂದು ಕಾನೂನು ಬೇಕಾಯಿತು. ನಮಗೆ ದೊಡ್ಡಮ್ಮ ಸಾಕಿತ್ತು.

ಆ ದೊಡ್ಡಮ್ಮನೇ ನನ್ನನ್ನು ಯಕ್ಷಗಾನದ ಆಟಕ್ಕೆ ಕರೆದುಕೊಂಡು ಹೋಗುತ್ತಿದ್ದಳು ಅನ್ನುವುದನ್ನೂ ಹೇಳಬೇಕು. ಮೋಹಿನಿಯಾಗಿ ಬಂದ ವಿಷ್ಣು, ಸೀರೆ ಉಟ್ಟ ಬೃಹನ್ನಳೆ, ಗಂಡಸರೇ ಹಾಕುವ ಸ್ತ್ರೀವೇಷ. ಬೆಳಗಿನ ಜಾವದವರೆಗೂ ಅಜ್ಜಿಯರು, ಮಕ್ಕಳು ಎಲ್ಲ ಒಂದೇ ಚಾಪೆಯಲ್ಲಿ. ಇದು ಯಾರಿಗೆ ಅಂತ ಅಲ್ಲಿ ಯಾರೂ ಕೇಳಲಿಲ್ಲ.

ಇನ್ನು ಇಲ್ಲಿನ ಲೈಬ್ರರಿಯಲ್ಲಿ ಕೇಳದಿರುವುದು ಮರ್ಯಾದೆಯೋ, ಉದಾಸೀನವೋ? ನಾನು ಪುಸ್ತಕ ತೋರಿಸುವುದು ಮೆಷಿನ್‌ಗೆ. ಅದು ಕುಂಯ್ ಅನ್ನುತ್ತದೆ, ಚೀಟಿ ಕೊಡುತ್ತದೆ. ಹನ್ನೊಂದು ವರ್ಷ ಟ್ರಾಮ್‌ನಲ್ಲಿ ಓದಿದ್ದೇನೆ, ಪಕ್ಕದವರು ಏನದು ಅಂತ ಒಮ್ಮೆ ಬಗ್ಗಿಯೂ ನೋಡಿಲ್ಲ. ಸಾಗರದ ಬಸ್ಸಿನಲ್ಲಾಗಿದ್ದರೆ ಶಿವಮೊಗ್ಗ ಬರುವುದರೊಳಗೆ ಅರ್ಧ ಕಥೆ ಹೇಳಿಸಿಕೊಳ್ಳುತ್ತಿದ್ದರು.

ಆ ಅಂಗಡಿಯ ವಿಷಯದಲ್ಲೂ ಒಂದು ಮಾತು ಬಿಟ್ಟಿದ್ದೆ, ಬೇಕಂತಲೇ. ಬಿಲ್ ಹರಿದು ಕೊಡುವಾಗ ಹುಡುಗ ಆಚೀಚೆ ನೋಡಿ, ದನಿ ತಗ್ಗಿಸಿ ಅಂದ: "ಮೂರನೇ ಭಾಗ ಓದೋವಾಗ ಕರ್ಚೀಫ್ ಇಟ್ಕೊಳೋಕೆ ಹೇಳಿ ಸಾರ್, ಮಗಳಿಗೆ."