ಎಣ್ಣೆ ನೀವಿದರೆ ಮೂಗು ಹಗುರಾಗುತ್ತದೆ, ಒಳಗಿನ ವಕ್ರ ಗೋಡೆ ನೆಟ್ಟಗಾಗುವುದಿಲ್ಲ

ಆಪರೇಷನ್ ಇಲ್ಲದೆ, ಬರೀ ಕೈಯಿಂದ ಒತ್ತಿ ನೀವಿ, ಕಟ್ಟಿದ ಮೂಗು ಸರಿಮಾಡಬಹುದು ಅಂತ ಕೆಲವರು ಹೇಳುತ್ತಾರೆ. ಅರ್ಧ ಒಪ್ಪುತ್ತೇನೆ.

ನಮ್ಮಣ್ಣ ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ 15 ವರ್ಷ ದುಡಿದವನು. ಹೊಗೆ, ಹೊಟ್ಟಿನ ದೂಳು. ರಾತ್ರಿಯೆಲ್ಲ ಬಾಯಲ್ಲೇ ಉಸಿರು. ಬೆಳಿಗ್ಗೆ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿರುತ್ತಿತ್ತು. ಆಯುರ್ವೇದ ವೈದ್ಯರು 7 ದಿನ ನಸ್ಯ, ಅಂದರೆ ಮೂಗಿಗೆ ಔಷಧಿ ಬಿಡುವ ಚಿಕಿತ್ಸೆ, ಮಾಡಿದರು. ಮೊದಲು ಹಣೆ, ಕೆನ್ನೆ, ಮೂಗಿನ ಪಕ್ಕಕ್ಕೆ ಬೆಚ್ಚಗಿನ ಎಣ್ಣೆ ಹಚ್ಚಿ ಹೆಬ್ಬೆರಳಿನಿಂದ ನಿಧಾನಕ್ಕೆ ನೀವುವುದು. ಆಮೇಲೆ ಹಬೆ. ಕೊನೆಗೆ ಹೊಳ್ಳೆಗೆ ಅಣು ತೈಲ ಅನ್ನುವ ಔಷಧಿ ಎಣ್ಣೆಯ ಹನಿ. ಮೂರನೇ ರಾತ್ರಿ ಬಾಯಿ ಮುಚ್ಚಿ ನಿದ್ದೆ ಮಾಡಿದ. ಬೆಳಿಗ್ಗೆ ಅತ್ತಿಗೆ ಅವನನ್ನು ಎಬ್ಬಿಸಲೇ ಇಲ್ಲ, ಪಾಪ, ಮಲಗಲಿ ಅಂತ.

ಆದರೆ ಎಡ ಹೊಳ್ಳೆ ಹಾಗೇ ಉಳಿಯಿತು. ಇಎನ್‌ಟಿ ಡಾಕ್ಟರು ಲೈಟ್ ಬಿಟ್ಟು ನೋಡಿ, ಎರಡು ಹೊಳ್ಳೆಗಳ ನಡುವಿನ ಗೋಡೆ ವಕ್ರ ಇದೆ ಅಂದರು. ಅದು ಮೆದು ಎಲುಬು, ಗಟ್ಟಿ ಎಲುಬು ಸೇರಿ ಆಗಿದ್ದು. ಎಷ್ಟು ನೀವಿದರೂ ನೆಟ್ಟಗಾಗುವುದಿಲ್ಲ ಅಲ್ವಾ? ಹಾಗಾಗಿ ಮೊದಲು ಒಳಗೆ ಏನಿದೆ ಅಂತ ತೋರಿಸಿಕೊಳ್ಳಿ. ಯಾರೋ ಜೋರಾಗಿ ಒತ್ತುತ್ತೇನೆ ಅಂದರೆ ದಯವಿಟ್ಟು ಮೂಗು ಕೊಡಬೇಡಿ. ಮೆಡಿಕಲ್ ಶಾಪಿನ ಮೂಗು ಬಿಡಿಸುವ ಡ್ರಾಪ್ಸ್ ಕೂಡ ವಾರಗಟ್ಟಲೆ ಹಾಕಿದರೆ ಮೂಗು ಇನ್ನೂ ಜಾಸ್ತಿ ಕಟ್ಟುತ್ತದೆ. ಉಪ್ಪುನೀರಲ್ಲಿ ತೊಳೆಯುವವರು ನಲ್ಲಿ ನೀರು ಬಳಸಬೇಡಿ, ಕುದಿಸಿ ಆರಿಸಿದ್ದೇ ಇರಲಿ.