ಇಲಿಗಳ ಸುವರ್ಣಯುಗ

ಮಿದುಳಿನ ಕ್ಯಾನ್ಸರ್ ಮತ್ತೆ ಗುಣವಾಗಿದೆಯಂತೆ, ಪತ್ರಿಕೆಯವರೇ. ‘ಒಂದೇ ಇಂಜೆಕ್ಷನ್, ಜೀನ್‌ಗೆ ಕತ್ತರಿ, ಗಡ್ಡೆ ಮಾಯ’ ಎಂದು ನಿಮ್ಮದೇ ಶೀರ್ಷಿಕೆ. 2020ರ ನವೆಂಬರಿನಲ್ಲೇ ಇದು ಒಮ್ಮೆ ಗುಣವಾಗಿತ್ತು. ಅಲ್ಲಿಂದೀಚೆಗೆ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಹಬ್ಬ ಹಬ್ಬಕ್ಕೂ ಗುಣವಾಗುತ್ತಲೇ ಇದೆ.

ಇಸ್ರೇಲಿನ ಟೆಲ್ ಅವಿವ್ ವಿಶ್ವವಿದ್ಯಾಲಯದ ಡಾನ್ ಪೀರ್ ತಂಡದ್ದು ಚೆಂದದ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಜೀನ್ ಕತ್ತರಿಸುವ ‘ಕ್ರಿಸ್ಪರ್’ ಎಂಬ ಕತ್ತರಿಯನ್ನು ತಯಾರಿಸಲು ಕೋಶಕ್ಕೆ ಸೂಚನೆ ಕೊಡುವ ಆರ್‌ಎನ್‌ಎಯನ್ನು ಕೊಬ್ಬಿನ ನ್ಯಾನೋಕಣದಲ್ಲಿ ತುಂಬಿ ಕಳಿಸಿದರು. ಕೋಶ ಒಡೆದು ಎರಡಾಗಲು ಬೇಕಾದ ಪಿಎಲ್‌ಕೆ1 ಜೀನ್ ತುಂಡಾಯಿತು. ಗ್ಲಿಯೋಬ್ಲಾಸ್ಟೋಮಾ ಎಂಬ ಉಗ್ರ ಮಿದುಳು ಕ್ಯಾನ್ಸರಿನ ಗಡ್ಡೆಯ ಬೆಳವಣಿಗೆ ಅರ್ಧಕ್ಕೆ ಇಳಿಯಿತು, ಬದುಕುಳಿಯುವ ಪ್ರಮಾಣ ಶೇ 30ರಷ್ಟು ಏರಿತು. ಯಾರದ್ದು? ಇಲಿಯದ್ದು. ಆ ‘ಒಂದೇ ಇಂಜೆಕ್ಷನ್’ ಕೂಡ ತೋಳಿಗಲ್ಲ ಸ್ವಾಮಿ, ನೇರ ಮಿದುಳಿಗೆ! ರಕ್ತದಿಂದ ಮಿದುಳಿಗೆ ಹೋಗುವ ದಾರಿಯಲ್ಲಿರುವ ಕಾವಲು ಅಷ್ಟು ಬಿಗಿ.

ಇಲಿಯ ಜಾತಕವೇ ಜಾತಕ. ಗಣಪನ ವಾಹನವಾಗಿದ್ದದ್ದು ಈಗ ವಿಜ್ಞಾನದ ಖಾಸಾ ರೋಗಿ. ಸಕ್ಕರೆ ಕಾಯಿಲೆಯೋ, ಮರೆವೋ, ಬೋಳುತಲೆಯೋ, ಪೇಪರಿನಲ್ಲಿ ಅದಕ್ಕೆ ವಾಸಿಯಾಗದ ರೋಗವಿಲ್ಲ. ಟೋಕನ್ನಿಲ್ಲ, ಕ್ಯೂ ಇಲ್ಲ, ‘ನಾಳೆ ಬನ್ನಿ’ ಇಲ್ಲ. ಇತ್ತ ನಮ್ಮ ಅಡುಗೆಮನೆಯ ಇಲಿಗೆ ಈ ಭಾಗ್ಯದ ಸುಳಿವೇ ಇಲ್ಲ, ಪಾಪ. ಸುಟ್ಟ ಕೊಬ್ಬರಿ ಚೂರಿನ ಆಸೆಗೆ ಬೋನಿಗೆ ಬಿದ್ದು, ಬೆಳಗ್ಗೆ ಕಂಬಿಯಾಚೆ ಮೂತಿ ತೂರಿಸಿ ಮೀಸೆ ಕುಣಿಸುತ್ತದೆ. ಪಾಸ್‌ಪೋರ್ಟ್ ಮಾಡಿಸಿಕೊಡೋಣವೆಂದರೆ ಮನೆಯವರು ಒಪ್ಪಲಿಲ್ಲ.

2019ರ ಜನವರಿಯಲ್ಲಿ ಅದೇ ಇಸ್ರೇಲಿನ ಕಂಪನಿಯೊಂದು, ವರ್ಷದೊಳಗೆ ಕ್ಯಾನ್ಸರಿಗೆ ಪೂರ್ತಿ ಮದ್ದು ಕೊಡುತ್ತೇವೆ ಎಂದಿತ್ತು. ಕೊಬ್ಬಿನ ಕಣಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೂ ಫಾರ್ವರ್ಡ್ ಮಾಡುವ ಹೆಬ್ಬೆರಳಿಗೆ ಎಲ್ಲವೂ ಒಂದೇ.

ಮನುಷ್ಯರ ಲೆಕ್ಕವನ್ನೂ ಕೇಳಿಬಿಡಿ. ಗ್ಲಿಯೋಬ್ಲಾಸ್ಟೋಮಾಗೆ ವಿಕಿರಣದ ಜೊತೆ ಟೆಮೊಜೊಲೊಮೈಡ್ ಮಾತ್ರೆ ಕೊಟ್ಟ ಪ್ರಯೋಗದ ಫಲ ಪ್ರಕಟವಾದದ್ದು 2005ರಲ್ಲಿ. ಅರ್ಧದಷ್ಟು ರೋಗಿಗಳು ಬದುಕಿರುವ ಅವಧಿ 12.1 ತಿಂಗಳಿಂದ 14.6ಕ್ಕೆ ಹೋಯಿತು. ಎರಡೂವರೆ ತಿಂಗಳು. ಆಪರೇಷನ್, ವಿಕಿರಣ, ಆ ಮಾತ್ರೆ: ಇಂದಿಗೂ ಆಸ್ಪತ್ರೆಗಳಲ್ಲಿ ಚಿಕಿತ್ಸೆಯೆಂದರೆ ಮುಖ್ಯವಾಗಿ ಇದೇ. ನಿಮ್ಹಾನ್ಸ್‌ಗೂ ಕಿದ್ವಾಯಿಗೂ ರಾತ್ರಿ ಬಸ್ಸಿನಲ್ಲಿ ಸ್ಕ್ಯಾನ್ ಲಕೋಟೆ ಹಿಡಿದು ಬರುವವರ ಮೊಬೈಲಿನಲ್ಲೂ ನಿಮ್ಮ ‘ಗಡ್ಡೆ ಮಾಯ’ ಇರುತ್ತದೆ. ‘ಆ ಇಂಜೆಕ್ಷನ್ ಇಲ್ಲಿ ಸಿಗುತ್ತಾ ಸಾರ್, ಜಮೀನು ಮಾರ್ತೀವಿ’ ಎಂದವರಿಗೆ ಉತ್ತರ ಹೇಳಬೇಕಾದ್ದು ಡಾಕ್ಟರು. ಶೀರ್ಷಿಕೆ ಬರೆದ ನೀವಲ್ಲ. ನಾಚಿಕೆಯಾಗಬೇಕು.

ಒಳ್ಳೆಯ ಸುದ್ದಿ ಹಾಕಬಾರದೇ ಎಂದು ಕೇಳುತ್ತೀರಿ. ಧಾರಾಳವಾಗಿ ಹಾಕಿ. ಶೀರ್ಷಿಕೆಯಲ್ಲಿ ಇಲಿಗೂ ಒಂದಿಷ್ಟು ಜಾಗ ಕೊಡಿ, ಅಷ್ಟೇ. ಜಾಗ ಸಾಲಲಿಲ್ಲ ಅನ್ನಬೇಡಿ, ಕೆಳಗೆ ಕೂದಲೆಣ್ಣೆ ಜಾಹೀರಾತು ಅರ್ಧ ಪುಟ ಇತ್ತು.