ಫಾರ್ಮ್ಯಾಟ್ ಹೊಡೀರಿ, ಆದ್ರ ಏನೂ ಹೋಗಬಾರದು

ಹುಬ್ಬಳ್ಳಿಯ ಯಾವ ಕಂಪ್ಯೂಟರ್ ಅಂಗಡಿಯಲ್ಲಿ ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ. ಗಿರಾಕಿ ಸಿಪಿಯು ತಂದು ಕೌಂಟರ್ ಮೇಲಿಟ್ಟು, “ಫಾರ್ಮ್ಯಾಟ್ ಹೊಡೀರಿ, ಆದ್ರ ಏನೂ ಹೋಗಬಾರದು ನೋಡ್ರಿ” ಎನ್ನುತ್ತಾರೆ. ಫಾರ್ಮ್ಯಾಟ್ ಎಂದರೆ ಡಿಸ್ಕಿನಲ್ಲಿದ್ದುದನ್ನು ಅಳಿಸಿ ವಿಂಡೋಸ್ ಹೊಸದಾಗಿ ಹಾಕುವುದು. ತಲೆ ಬೋಳಿಸು, ಕೂದಲು ಮಾತ್ರ ಮುಟ್ಟಬೇಡ ಅಂದ ಹಾಗೆ. ನಗು ಬಂದರೂ ಕೇಳಿದ್ದರಲ್ಲಿ ತಪ್ಪಿಲ್ಲ. ಎಸ್‌ಎಸ್‌ಡಿ ಎಂಬ ವೇಗದ ಡಿಸ್ಕ್ ಇದ್ದರೆ ವಿಂಡೋಸ್ ಹಾಕುವುದು ಅರ್ಧ ತಾಸಿನ ಕೆಲಸ. ಅದಕ್ಕೂ ಮುಂಚೆ ಏನೇನು ಎಲ್ಲೆಲ್ಲಿದೆ ಎಂದು ಹುಡುಕುವುದಕ್ಕೇ ಒಂದು ಮಧ್ಯಾಹ್ನ ಬೇಕು.

“ನಂದೆಲ್ಲಾ ಡಿ ಡ್ರೈವಿನಾಗ ಐತ್ರಿ” ಎಂದವರನ್ನು ನಂಬಬಾರದು. ಅವರ ಡೆಸ್ಕ್‌ಟಾಪ್ ತೆರೆದರೆ ಹಿಂದಿನ ದೇವರ ಫೋಟೋ ಕಾಣದಷ್ಟು ಫೈಲು. ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಡಾಕ್ಯುಮೆಂಟ್ಸ್ ಮೂರೂ ಸಿ ಡ್ರೈವಿನ ಯೂಸರ್ಸ್ ಫೋಲ್ಡರಿನಲ್ಲಿರುತ್ತವೆ. ಸಿ ಹೋದರೆ ಅವೂ ಹೋದವು. ಲೆಕ್ಕಪತ್ರದ ತಂತ್ರಾಂಶ ಟ್ಯಾಲಿಯ ಡೇಟಾ ಎಲ್ಲಿದೆ ಎಂಬುದನ್ನು ಟ್ಯಾಲಿಯೊಳಗೇ ನೋಡಿಕೊಳ್ಳಬೇಕು, ಊಹಿಸಬಾರದು.

ಎಲ್ಲರೂ ಮರೆಯುವುದು ಫಾಂಟು. ಗದಗಿನ ಪ್ರೆಸ್ಸುಗಳಲ್ಲಿ ಲಗ್ನಪತ್ರಿಕೆ ಮಾಡುವವರಿಗೆ ಇದರ ಸಂಕಟ ಗೊತ್ತು. ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫೈಲುಗಳು ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರಸಂಕೇತ, ಅಲ್ಲ. ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳೇ, ಫಾಂಟು ಅವಕ್ಕೆ ಕನ್ನಡದ ವೇಷ ಹಾಕಿರುತ್ತದೆ. ಸಿ ಡ್ರೈವಿನ ಫಾಂಟ್ಸ್ ಫೋಲ್ಡರ್ ಅಳಿಯಿತೋ, ‘ನ’ ಇದ್ದಲ್ಲೆಲ್ಲ ಪೌಂಡಿನ ಗುರುತು ಬಂದು ಕೂರುತ್ತದೆ. ವಧೂವರರ ಹೆಸರಿನ ನಡುವೆ ಬ್ರಿಟನ್ನಿನ ರೊಕ್ಕ! ಫೈಲು ಕೆಟ್ಟಿರುವುದಿಲ್ಲ, ಅದೇ ಫಾಂಟು ಮತ್ತೆ ಹಾಕಿದರೆ ಸರಿಹೋಗುತ್ತದೆ. ಅದಕ್ಕೇ ಮೊದಲು ಆ ಫೋಲ್ಡರನ್ನೂ ಪೆನ್‌ಡ್ರೈವಿಗೆ ಇಳಿಸಿಕೊಳ್ಳಿ.

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಸಾಕು ಎನ್ನುವುದು ಕಾಗದದ ಮೇಲಿನ ಮಾತು. 8 ಜಿಬಿ ಇಲ್ಲದಿದ್ದರೆ ಬ್ರೌಸರ್ ತೆರೆಯುವಾಗಲೇ ಬೇಸರ ಬರುತ್ತದೆ. 11ಕ್ಕೆ ಬೇಕಾದ ಭದ್ರತಾ ಅಂಗ ಟಿಪಿಎಂ 2.0 ಇಲ್ಲ ಎಂದು ತೋರಿಸಿದರೆ ಗಾಬರಿ ಬೇಡ. ಎಷ್ಟೋ ಬೋರ್ಡುಗಳಲ್ಲಿ ಅದು ಇದ್ದೂ ಬಯೋಸ್‌ನಲ್ಲಿ (ಬೋರ್ಡಿನದೇ ಸೆಟ್ಟಿಂಗ್ಸ್) ಆಫ್ ಆಗಿರುತ್ತದೆ: ಇಂಟೆಲ್‌ನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂಬ ಹೆಸರಿನಲ್ಲಿ. ಇಂಟೆಲ್ ಪ್ರೊಸೆಸರ್ ಹೆಚ್ಚುಕಡಿಮೆ 8ನೇ ಜನರೇಶನ್‌ನಿಂದ ಈಚಿನದಿರಬೇಕು. ಅದಕ್ಕಿಂತ ಹಳೆಯದಕ್ಕೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಕಾರ್ಯವ್ಯವಸ್ಥೆ ಚೆನ್ನ. ಟ್ಯಾಲಿ ನಡೆಸುವವರ ಮುಂದೆ ಮಾತ್ರ ಆ ಮಾತೆತ್ತಬೇಡಿ, ಅದರಲ್ಲಿ ಟ್ಯಾಲಿ ನೇರವಾಗಿ ಓಡುವುದಿಲ್ಲ. ಇನ್ನು, 11 ಬರುವುದು 64 ಬಿಟ್‌ನಲ್ಲಷ್ಟೇ. 32 ಬಿಟ್ ಡ್ರೈವರ್ (ಪ್ರಿಂಟರ್ ನಡೆಸುವ ತಂತ್ರಾಂಶ) ಮಾತ್ರ ಇರುವ ಹಳೆ ಪ್ರಿಂಟರ್ ಅಂದಿನಿಂದ ಮೌನವ್ರತ.

‘ಏನೂ ಹೋಗಬಾರದು’ ಎಂಬುದನ್ನು ನಿಜಕ್ಕೂ ನಡೆಸಿಕೊಡಬೇಕೆಂದರೆ ಹಳೆ ಡಿಸ್ಕನ್ನು ಮುಟ್ಟಲೇಬಾರದು. 256 ಜಿಬಿಯ ಎಸ್‌ಎಸ್‌ಡಿ ಕೊಂಡು ಹೊಸ ವಿಂಡೋಸನ್ನು ಅದರ ಮೇಲೆ ಹಾಕಿ. ಕೆಲಸ ಮುಗಿಯುವ ತನಕ ಹಳೆ ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ ಕಿತ್ತಿಡಿ. ಯಾಕೆಂದರೆ ವಿಂಡೋಸ್ ಹಾಕುವಾಗ ಬರುವ ಪಾರ್ಟಿಶನ್ (ಡಿಸ್ಕಿನ ಭಾಗಗಳ) ಪಟ್ಟಿಯಲ್ಲಿ ಸಿ, ಡಿ ಎಂಬ ಹೆಸರೇ ಕಾಣುವುದಿಲ್ಲ, ಬರೀ ಡಿಸ್ಕ್ 0, ಡಿಸ್ಕ್ 1. ಅವಸರದಲ್ಲಿ ಬೇರೆಯದೇ ಅಳಿಯುತ್ತದೆ. ಅಳಿಯದಿದ್ದರೂ ಕಂಪ್ಯೂಟರನ್ನು ಏಳಿಸುವ ಬೂಟ್ ಫೈಲುಗಳು ಹಳೆ ಡಿಸ್ಕಿಗೇ ಹೋಗಿ ಕೂರಬಹುದು. ಮುಂದೆಂದೋ ಅದನ್ನು ತೆಗೆದ ದಿನ ಹೊಸ ಎಸ್‌ಎಸ್‌ಡಿ ಏಳುವುದೇ ಇಲ್ಲ. ಬಿಟ್‌ಲಾಕರ್ ಎಂಬ ವಿಂಡೋಸ್ ಬೀಗ ಹಾಕಿದ ಡಿಸ್ಕಾದರೆ 48 ಅಂಕಿಯ ರಿಕವರಿ ಕೀ ಮೊದಲೇ ಬರೆದಿಟ್ಟುಕೊಳ್ಳಿ.

ಮತ್ತೆ ಕೇಬಲ್ ಜೋಡಿಸಿ ಹಳೆ ಯೂಸರ್ ಫೋಲ್ಡರ್ ತೆರೆಯಹೋದರೆ ‘ನಿಮಗೆ ಅನುಮತಿ ಇಲ್ಲ’ ಎನ್ನುತ್ತದೆ. ತಮ್ಮ ಮನೆಯ ಫೋಟೋಗೇ ಅನುಮತಿಯೇ ಎಂದು ಸಿಟ್ಟಾಗಬೇಡಿ. ಕಂಟಿನ್ಯೂ ಒತ್ತಿ ಒಂದು ಚಹಾ ಕುಡಿದು ಬನ್ನಿ. ಫೋಲ್ಡರ್ ದೊಡ್ಡದಿದ್ದರೆ ಎರಡು.